ನೀಲತ್ತಿಯ ಗಡ್ಡೆ ಹೂವು

ಗೋಣಿತಾಟು ಬಿಚ್ಚಿದ ಕೂಡಲೇ ಮೊದಲು ಮೂಗಿಗೆ ಬರುವುದು ಒಲೆಯ ಬೂದಿಯ ವಾಸನೆ. ಅದರ ಹಿಂದೆ ಒಣ ಮಣ್ಣಿನದು. ಅದರ ಹಿಂದೆ ಇನ್ನೊಂದು, ಹೆಸರಿಲ್ಲದ್ದು, ಬಹಳ ದಿನ ಮುಚ್ಚಿಟ್ಟ ಕೋಣೆಯ ಬಾಗಿಲು ತೆಗೆದಾಗ ಬರುವಂಥದ್ದು. ಸಿಂಧನೂರಿನ ನನ್ನ ಮನೆಯ ಮಾಳಿಗೆಯ ಮೇಲೆ, ನೀರಿನ ಟಾಕಿಯ ನೆರಳಿನಲ್ಲಿ, ಪ್ರತಿ ವರ್ಷ ಶಿವರಾತ್ರಿ ಮುಗಿದ ಮೇಲೆ ನಾನು ಆ ತಾಟು ಬಿಚ್ಚುತ್ತೇನೆ. ಒಳಗೆ ಹೂವಿನ ಗಡ್ಡೆಗಳು ಇರುತ್ತವೆ, ದೀಪಾವಳಿಯಿಂದ ಒಂದು ಹನಿ ನೀರು ಕಾಣದವು. ಅವುಗಳ ಕಂದು ಸಿಪ್ಪೆ ಬೆರಳಿಗೆ ಹಳೆಯ ಕಾಗದದಂತೆ ಹತ್ತುತ್ತದೆ. ಬಾಜು ಮನೆಯ ಹೆಣ್ಣುಮಗಳು ಗೋಡೆಯ ಮೇಲಿಂದ ನೋಡಿ, "ಕಾಲುವಿ ನೀರಿರೋ ಊರಾಗ ಇವಕ್ಕ ಉಪಾಸ ಕೆಡವೀರಲ್ರೀ ಟೀಚರ್" ಎನ್ನುತ್ತಾಳೆ. ನಾನು ನಕ್ಕುಬಿಡುತ್ತೇನೆ. ಗೋಡೆಯ ಆಚೆ ಈಚೆ ನಿಂತು ಹೇಳಿ ಮುಗಿಸುವ ಮಾತಲ್ಲ ಅದು. ಹೇಳಬೇಕೆಂದರೆ ಮಸ್ಕಿಯ ನಮ್ಮ ಮನೆಯ ಹಿತ್ತಲಿಗೆ ಕರೆದುಕೊಂಡು ಹೋಗಬೇಕು, ಆ ಹಿತ್ತಲು ಈಗ ಇಲ್ಲ. ನೀವು ಹುಟ್ಟಿ ಬೆಳೆದ ಮನೆಯೂ ಈಗ ಇಲ್ಲದಿದ್ದರೆ, ನಾನು ಯಾಕೆ ಇದನ್ನು ಬರೆಯಲು ಕುಳಿತೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಗುಡ್ಡದ ಕೆಳಗಿನ ಓಣಿಯಲ್ಲಿ ನಮ್ಮ ಮನೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮುಂದೆ ಕಟ್ಟೆ, ನಡುವೆ ಪಡಸಾಲೆ, ಹಿಂದೆ ಹಿತ್ತಲು. ಬೇಸಿಗೆಯಲ್ಲಿ ಗುಡ್ಡದ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ನಮ್ಮ ಮೇಲೆ ಊದುತ್ತಿದ್ದವು. ನಮ್ಮಪ್ಪನ ಅಪ್ಪ ಮುತ್ಯಾನದು ಬಜಾರಿನಲ್ಲಿ ಬಟ್ಟೆ ಅಂಗಡಿ. ಆತ ಮನೆಗೆ ಬಂದರೆ ಕೋರಾ ಅರಿವೆಯ ಗಂಜಿಯ ವಾಸನೆ ಆತನಿಗಿಂತ ಮೊದಲೇ ಒಳಗೆ ಬರುತ್ತಿತ್ತು. ಬೆಳಿಗ್ಗೆ ಆತ ಪೂಜೆಗೆ ಕುಳಿತನೆಂದರೆ ಗಂಟೆ ಬಾರಿಸುವ ತನಕ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ಆಯಿ, ನಮ್ಮಪ್ಪನ ಅವ್ವ, ರೊಟ್ಟಿ ತಟ್ಟುವ ಪಟಪಟ ಸಪ್ಪಳ ಒಂದೇ. ವಿಭೂತಿ, ಪತ್ರಿ, ಒಂದು ಬುಟ್ಟಿ ಕಣಗಿಲ ಹೂವು, ಇವಿಷ್ಟನ್ನು ಆಯಿ ಹೊತ್ತು ಮೂಡುವ ಮೊದಲೇ ತಂದಿಡುತ್ತಿದ್ದಳು. ಮುತ್ಯಾ ಯಾರಿಂದಲೂ ಏನನ್ನೂ ಕೇಳಿದ್ದು ನಾನು ಕಂಡಿರಲಿಲ್ಲ. ಆತನಿಗೆ ಬೇಕಾದ್ದು ಆತನ ಮುಂದೆ ಇರುತ್ತಿತ್ತು. ಆತನ ಮಾತೆಂದರೆ ಕತ್ತರಿ ಆಡಿಸಿದ ಬಟ್ಟೆ, ಮತ್ತೆ ಕೂಡಿಸಲು ಬರುತ್ತಿರಲಿಲ್ಲ.

ಆ ಮನೆಗೆ ಒಂದು ಮಧ್ಯಾಹ್ನ ನಮ್ಮಪ್ಪನ ತಂಗಿ ನೀಲಮ್ಮ, ನಮ್ಮ ನೀಲತ್ತಿ, ಗಂಡನ ಊರು ಗೊರೇಬಾಳದಿಂದ ಒಬ್ಬಳೇ ಬಂದಳು. ನಾನಾಗ ಕನ್ನಡ ಸಾಲಿಗೆ ಹೋಗುವ ಸಣ್ಣಾಕಿ. ಬಸ್ಸಿನ ಧೂಳು ಹತ್ತಿದ ಮುಖ, ಬಗಲಲ್ಲಿ ಒಂದು ಗಂಟು. ಆಯಿ ಗಂಟು ಬಿಚ್ಚಿದಳು. ಎರಡು ಸೀರೆ, ಹಸಿ ಅರಿವೆಯಲ್ಲಿ ಸುತ್ತಿದ ಮಣ್ಣುಮಣ್ಣಾದ ಒಂದಿಷ್ಟು ಗಡ್ಡೆ.

"ಬಂಗಾರ ಎಲ್ಲೈತಿ?" ಎಂದಳು ಆಯಿ.

"ಅದು ಅವ್ರದು. ಅಲ್ಲೇ ಬಿಟ್ಟು ಬಂದೀನಿ."

"ಮತ್ತ ಇವು?"

"ಇವು ನನಗಂತ ಕೊಟ್ಟದ್ದು."

ಮಕ್ಕಳಾಗಲಿಲ್ಲವೆಂದು ಆಕೆಯ ಗಂಡ ಇನ್ನೊಬ್ಬಳನ್ನು ಮದುವೆಯಾಗಿ ತಂದಿದ್ದ. ನೀನೂ ಇರು, ಒಂದು ಮೂಲೆಯಲ್ಲಿ ಉಂಡುಕೊಂಡು ಬಿದ್ದಿರು ಎಂದಿದ್ದನಂತೆ. ಬೀಳಲಿಕ್ಕೆ ನಾನೇನು ಒಣ ಎಲೆಯೇನು ಎಂದು ನೀಲತ್ತಿ ಅವತ್ತೇ ಹೊರಟಳು. ಇಡೀ ಮನೆಯಲ್ಲಿ ಆಕೆಯ ಹಿಂದೆ ಕಾಲುವೆಯ ದಾರಿಯ ತನಕ ಬಂದವಳು ಅತ್ತೆ ಬಸಮ್ಮ ಒಬ್ಬಳೇ. ಕಾಲುವೆ ನೀರಾವರಿಗೆಂದು ಬಂದು ನೆಲೆಸಿದವರ ಕ್ಯಾಂಪಿನ ತೆಲುಗು ಹೆಣ್ಣುಮಗಳೊಬ್ಬಳು ಯಾವಾಗಲೋ ಕೊಟ್ಟಿದ್ದ ಆ ಗಡ್ಡೆಗಳನ್ನು ಬಸಮ್ಮ ಮಕ್ಕಳಂತೆ ಸಾಕಿದ್ದಳು. ಅದರಲ್ಲಿ ಅರ್ಧದಷ್ಟನ್ನು ಕಿತ್ತು ಸೊಸೆಯ ಸೆರಗಿಗೆ ಹಾಕಿದಳು. ಆ ಹೂವಿಗೆ ಹೆಸರೂ ಇರಲಿಲ್ಲ. ಕೆಲವರು ಲಿಲ್ಲಿ ಎನ್ನುತ್ತಿದ್ದರು, ನಾವು ಗಡ್ಡೆ ಹೂವು ಎಂದೆವು.

ನೀಲತ್ತಿ ಅವನ್ನು ಹಿತ್ತಲಿನ ಎರೆಮಣ್ಣು ತುಂಬಿದ ಒಡಕು ಗಡಿಗೆ, ಎಣ್ಣೆ ಡಬ್ಬಿಗಳಲ್ಲಿ ಆಳವಾಗಿ ಹೂಳಿದಳು. ಬೆಳಿಗ್ಗೆ ನೀರು, ಸಂಜೆ ನೀರು. ಬೇಸಿಗೆಯಲ್ಲಿ ನಮಗೇ ಕುಡಿಯಲು ಕೊಡ ಹೊತ್ತು ತರಬೇಕಾದ ಊರಿನಲ್ಲಿ ಆಕೆ ತಾನು ಮೈ ತೊಳೆಯುವ ನೀರನ್ನು ಉಳಿಸಿ ಅವಕ್ಕೆ ಹಾಕುತ್ತಿದ್ದಳು. ಎಲೆಗಳೇನೋ ಕತ್ತಿಯಂತೆ ಉದ್ದುದ್ದ, ಎಣ್ಣೆ ಸವರಿದಂತೆ ಮಿರಿಮಿರಿ ಬಂದವು. ಹೂವು ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ, ಅದರ ಮುಂದಿನ ವರ್ಷವೂ. ಹಿತ್ತಲ ಗೋಡೆ ಮೋಟು, ಓಣಿಯ ಕಣ್ಣು ದೊಡ್ಡವು. ಪಕ್ಕದ ಮನೆಯ ಮುದುಕಿಯೊಬ್ಬಳು ಮಜ್ಜಿಗೆಗೆ ಬಂದವಳು ಗಡಿಗೆಗಳನ್ನು ನೋಡಿ, "ಮಣ್ಣಿಗೂ ಗೊತ್ತಾಗತೈತವ್ವ, ಎಂಥಾಕಿ ಕೈ ಹಚ್ಯಾಳ ಅಂತ" ಎಂದಳು. ಆಯಿಯ ಮುಖ ಸಣ್ಣದಾಯಿತು. ನೀಲತ್ತಿ ಮಜ್ಜಿಗೆಯ ಚೆಂಬು ಆಕೆಯ ಕೈಗಿಟ್ಟು, "ಮಣ್ಣಿಗೆ ಗೊತ್ತಾಗೇತಿ ಅಂದ್ರ ಚಲೋನ ಆತು ಬಿಡ್ರಿ. ಮಂದಿಗಂತೂ ಗೊತ್ತಾಗಲಿಲ್ಲ" ಎಂದಳು. ಆ ಮಾತಿನ ಅರ್ಥ ನನಗೆ ಆಗ ತಿಳಿಯಲಿಲ್ಲ. ಮುದುಕಿ ಬಹಳ ದಿನ ಮಜ್ಜಿಗೆಗೆ ಬರಲಿಲ್ಲ ಎನ್ನುವುದಷ್ಟು ತಿಳಿಯಿತು.

ಅದೇ ವರ್ಷ ಮಳೆಗಾಲ ಕಳೆದ ಮೇಲೆ ನೀಲತ್ತಿ ಲಿಂಗಸುಗೂರಿಗೆ ಹೋಗಿ ಹೊಲಿಗೆ ಕಲಿಯುತ್ತೇನೆ ಎಂದಳು. ಮುತ್ಯಾ ಉಣ್ಣುವುದನ್ನು ನಿಲ್ಲಿಸಿ, "ಬಟ್ಟಿ ಅಂಗಡಿಯವನ ಮಗಳು ಮಂದಿ ಜಂಪರ್ ಹೊಲಕೊಂತ ಕುಂದರಬೇಕೇನು? ನನ್ನ ಇಜ್ಜತ್ ಏನಾಗಬೇಕು?" ಎಂದ. "ನೀ ಅರಿವಿ ಮಾರ್ತಿ, ನಾ ಹೊಲೀತೀನಿ. ಅರಿವಿ ಅದೇ ಅಲ್ಲೇನು ಯಪ್ಪಾ" ಎಂದಳು ನೀಲತ್ತಿ. ಮರುದಿನ ಬೆಳಗಿನ ಬಸ್ಸಿಗೆ ಹೋಗಿಯೇ ಬಿಟ್ಟಳು. ದಿನಾಲೂ ಹೋಗಿ ಬರುವುದು, ಬಂದು ದೀಪದ ಮುಂದೆ ಕುಳಿತು ಕಾಜಾ ಹಾಕುವುದನ್ನು ಕಲಿಯುವುದು. ಗಡ್ಡೆಗಳ ನೆನಪು ಆಕೆಗೆ ಉಳಿಯಲಿಲ್ಲ. ಆಯಿಗೆ ಕೈತುಂಬ ಕೆಲಸ. ಚಳಿಗಾಲವೆಲ್ಲ ಅವಕ್ಕೆ ಯಾರೂ ನೀರು ಹಾಕಲಿಲ್ಲ. ಎಲೆ ಹಳದಿಯಾಗಿ, ಕಂದಾಗಿ, ಗಡಿಗೆಯ ಬಾಯಿಗೆ ಅಂಟಿದವು. ಶಿವರಾತ್ರಿಯ ಹೊತ್ತಿಗೆ ಆಯಿ, "ಸತ್ತಾವ, ತಿಪ್ಪಿಗೆ ಹಾಕು" ಎಂದಳು. ನೀಲತ್ತಿ ಒಂದು ಗಡ್ಡೆ ಕಿತ್ತು, ಒಣ ಎಲೆ ತೆಗೆದು, ಹೆಬ್ಬೆರಳಿನಿಂದ ಒತ್ತಿದಳು. ನನ್ನ ಕೈಗೂ ಕೊಟ್ಟಳು. ಕಲ್ಲಿನಂತೆ ಗಟ್ಟಿಯಾಗಿತ್ತು.

"ಸತ್ತದ್ದು ಮೆತ್ತಗಿರತೈತಿ ಗಿರಿಜಾ. ಇದು ಹೆಂಗೈತಿ ನೋಡು."

ಎರೆಮಣ್ಣು ಬೇಡವೆಂದು ಹಳ್ಳದ ಉಸುಕು, ಹಳೆಯ ಗೊಬ್ಬರ ಕೂಡಿಸಿದಳು. ಕೊಳೆತ ಬೇರು ಕತ್ತರಿಸಿದ ಕಡೆ ಬೂದಿ ಸವರಿದಳು. ಮೊದಲಿನ ಹಾಗೆ ಪೂರಾ ಹೂಳದೆ ಗಡ್ಡೆಯ ಕುತ್ತಿಗೆ ಮೇಲೆ ಕಾಣುವಂತೆ ಇಟ್ಟು, ಒಂದು ಸಲ ನೀರು ಹಾಕಿ ಬಿಸಿಲಿಗೆ ಬಿಟ್ಟಳು. ಎಲೆ ಬರುವ ಮೊದಲೇ ಗಿಳಿಯ ಕೊಕ್ಕಿನಂಥ ಒಂದು ಮೊಗ್ಗು ಪಕ್ಕದಿಂದ ತಲೆ ಹಾಕಿತು. ಯುಗಾದಿ ಕಳೆದು ಬಿಸಿಲು ಸುಡುವಾಗ, ಹಿತ್ತಲಿನಲ್ಲಿ ಹಸಿರೆನ್ನುವುದು ಏನೂ ಉಳಿಯದ ದಿನಗಳಲ್ಲಿ, ಒಂದು ದಂಟಿನ ತುದಿಗೆ ನಾಲ್ಕು ದಿಕ್ಕಿಗೆ ಮುಖ ಮಾಡಿದ ಕೆಂಪು ಹೂವುಗಳು ಕಹಳೆಯಂತೆ ಬಾಯಿ ತೆರೆದವು. ನೀಲತ್ತಿ ಮಣ್ಣಿನ ಮೇಲೆ ಕುಳಿತು ಬಹಳ ಹೊತ್ತು ನೋಡಿದಳು. ಇಷ್ಟು ವರ್ಷ ತಾನು ಅಕ್ಕರೆಯಿಂದ ಅವಕ್ಕೆ ವಿಶ್ರಾಂತಿಯನ್ನೇ ಕೊಟ್ಟಿರಲಿಲ್ಲ ಎಂದು ಆಕೆಗೆ ಆಗ ತಿಳಿಯಿತು. ಬಸಮ್ಮ ಚಳಿಗಾಲದಲ್ಲಿ ಗಡಿಗೆಗಳನ್ನು ಯಾಕೆ ದನದ ಕೊಟ್ಟಿಗೆಯ ಮೂಲೆಗೆ ಸರಿಸುತ್ತಿದ್ದಳು ಎನ್ನುವುದೂ ನೆನಪಾಯಿತು. "ಹೂ ಬಾಡಿದ ಮ್ಯಾಲೆ ದಂಟು ಕೊಯ್ರಿ, ಎಲಿ ಮುಟ್ಟಬ್ಯಾಡ್ರಿ. ಬರೋ ವರ್ಷದ ಹೂವು ಎಲ್ಯಾಗ ತಯಾರಾಗತೈತಿ" ಎಂದು ನಮಗೆಲ್ಲ ಹೇಳಿಟ್ಟಳು. ಆಯಿಗೆ ಮಾತ್ರ ಸಮಾಧಾನವಿಲ್ಲ. ವಾಸನೆ ಇಲ್ಲ, ಮುಡಿಯಲು ಬರುವುದಿಲ್ಲ, ಏನು ಉಪಯೋಗ ಎಂದಳು. "ನೋಡಾಕ ಐತಿ" ಎಂದ ನೀಲತ್ತಿ ಆ ಗಡಿಗೆಯನ್ನು ಎತ್ತಿಕೊಂಡು ಹೋಗಿ ಮುಂದಿನ ಕಟ್ಟೆಯ ಮೇಲೆ, ಓಣಿಗೆಲ್ಲ ಕಾಣುವಂತೆ ಇಟ್ಟಳು.

ಮುಂದಿನ ದೀಪಾವಳಿಗೆ ಆಕೆಯೇ ಬೇಕೆಂದು ನೀರು ನಿಲ್ಲಿಸಿದಳು. ಒಣಗಿದ ಗಡಿಗೆಗಳು ಪಡಸಾಲೆಯ ಗೋಡೆಗುಂಟ ಸಾಲಾಗಿ ನಿಂತಿದ್ದ ಆ ಚಳಿಗಾಲದಲ್ಲಿ ಗೊರೇಬಾಳದಿಂದ ಆಕೆಯ ಗಂಡನ ದೊಡ್ಡಪ್ಪ ಬಂದ. ಬಿಳಿ ರುಮಾಲಿನ, ಮೆತ್ತಗೆ ಮಾತಾಡುವ ಹಿರಿಯ. ಚಹಾ ಕುಡಿದು ಕಪ್ಪು ಕೆಳಗಿಟ್ಟು ಮುತ್ಯಾನಿಗೆ ಹೇಳಿದ, "ಬಸಮ್ಮಗ ಲಕ್ವಾ ಹೊಡದೈತ್ರಿ. ಸಣ್ಣ ಸೊಸಿ ಕೈಗೂಸಿನಾಕಿ. ಆದದ್ದು ಆಗಿ ಹೋಗೇತಿ. ಹಿರೇ ಸೊಸಿ ಬಂದು ಮನಿ ನೋಡಿಕೊಳ್ಳಲಿ." ಮುತ್ಯಾ "ಯುಗಾದಿಯೊಳಗ ಕಳಸ್ತೀವ್ರಿ" ಎಂದ. ಒಳಗಿದ್ದವಳನ್ನು ಒಂದು ಮಾತು ಕೇಳಲಿಲ್ಲ.

ನೀಲತ್ತಿ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಹೊರಗೆ ಬಂದು ನಿಂತಳು. ಹಿರಿಯ ಆಕೆಯನ್ನು ನೋಡಿದ, ಗಡಿಗೆಗಳನ್ನು ನೋಡಿದ. "ಒಣಗಿದ ಗಡಿಗಿ ಸಾಲು ಹಚ್ಚಿ ಕುಂತೀಯಲ್ಲವಾ, ಏನೈತಿ ಇಲ್ಲಿ ನಿನಗ?"

"ಒಣಗಿಲ್ರೀ ಮಾವಾರ, ಮಲಗ್ಯಾವ. ಎಬ್ಬಸೋ ಹೊತ್ತು ನನಗ ಗೊತ್ತೈತಿ." ಆಕೆಯ ದನಿ ಏರಲಿಲ್ಲ. "ಅತ್ತಿಯವರನ್ನ ಇಲ್ಲಿಗೆ ಕಳಸ್ರಿ. ಉಣಸ್ತೀನಿ, ತೊಳೀತೀನಿ, ಎತ್ತಿ ಕುಂದರಸ್ತೀನಿ. ನಿಮ್ಮ ಹೊಸ್ತಿಲಾ ಮಾತ್ರ ನಾ ತುಳಿಯಂಗಿಲ್ಲ."

"ಬಿಟ್ಟು ಬಂದ ಸೊಸಿ ಕಡೆ ಅತ್ತಿ ಬಂದು ಇರೋದು ಎಲ್ಲ್ಯಾರ ಐತೇನು?"

"ಇಲ್ಲೀತನಕ ಇರಲಿಕ್ಕಿಲ್ರಿ. ಇನ್ನ ಮ್ಯಾಲೆ ಇರತೈತಿ."

ಹಿರಿಯ ಹೋದ ಮೇಲೆ, "ನಾ ಕೊಟ್ಟ ಮಾತು ಹಿಂದಕ್ಕ ತಗೊಳ್ಳಂಗಿಲ್ಲ" ಎಂದ ಮುತ್ಯಾ. "ನೀ ಕೊಟ್ಟದ್ದು ನಿನ್ನ ಮಾತು ಯಪ್ಪಾ. ನನ್ನನ್ನಲ್ಲ" ಎಂದಳು ನೀಲತ್ತಿ. ಮುತ್ಯಾ ಹೊರಗಿನವರಿಗೆ ಕೊಟ್ಟ ಮಾತಿಗೆ ಮನೆಯವರು ಎದುರು ನಿಂತದ್ದನ್ನು ನಾನು ಮೊದಲು ನೋಡಿದ್ದು ಅವತ್ತು. ನನಗೆ ಹೆದರಿಕೆಯಾಯಿತು, ಹೆದರಿಕೆಯ ಕೆಳಗೆ ಎಂಥದೋ ಒಂದು ಖುಷಿ. ಅಂದಿನಿಂದ ಮುತ್ಯಾ ಮಗಳ ಜೊತೆ ಮಾತು ಬಿಟ್ಟ. ಬಸಮ್ಮನನ್ನು ಈ ಮನೆಗೆ ತರಬಾರದು ಎಂದು ಆಯಿಯ ಕಡೆಯಿಂದ ಹೇಳಿಸಿದ. ನೀಲತ್ತಿ ವಾದ ಮಾಡಲಿಲ್ಲ. ಲಿಂಗಸುಗೂರಿನಲ್ಲಿ, ತಾನು ಕಲಿತ ಹೊಲಿಗೆ ಅಂಗಡಿಯ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಗಡ್ಡೆಗಳನ್ನು ಬೂದಿ ಸವರಿ ಗೋಣಿತಾಟಿನಲ್ಲಿ ಕಟ್ಟಿಕೊಂಡಳು. ಆಯಿ ಅಳುತ್ತಾ ಜೋಳದ ಹಿಟ್ಟಿನ ಚೀಲ ಹೊತ್ತು ಬಸ್ ನಿಲ್ದಾಣದ ತನಕ ಹೋದಳು.

ಬಸಮ್ಮ ಬಂದಳು. ನೋಡಿಕೊಳ್ಳುವವರಿಲ್ಲದೆ ನೀಲತ್ತಿಯ ಮಾತಿಗೇ ಒಪ್ಪಬೇಕಾದ ಗೊರೇಬಾಳದವರು ಒಂದು ದಿನ ಗೂಡ್ಸ್ ಆಟೋದಲ್ಲಿ ಹಾಸಿಗೆ ಸಮೇತ ಆಕೆಯನ್ನು ತಂದು ಕೋಣೆಯಲ್ಲಿ ಮಲಗಿಸಿ, ನೀರು ಸಹ ಕುಡಿಯದೆ ಹೋದರು. ಅದಕ್ಕೆ ಲಿಂಗಸುಗೂರು ನಕ್ಕಿತು, ಮಸ್ಕಿಯೂ ನಕ್ಕಿತು. ಬಿಟ್ಟ ಗಂಡನ ತಾಯಿಯನ್ನು ಸಾಕುವ ಹುಚ್ಚಿ ಎಂದರು. ಸಾಲಿ ಸೂಟಿ ಬಿಟ್ಟಾಗ ನಾನು ಅಲ್ಲಿಗೆ ಹೋಗಿರುತ್ತಿದ್ದೆ. ಹೊಲಿಗೆ ಮಷೀನಿನ ಕಟಕಟ, ಅಂಬಲಿಯ ಹುಳಿ ವಾಸನೆ, ಬಾಗಿಲ ಮುಂದೆ ಬೇವಿನ ಗಿಡ, ಅದರ ಆಚೆ ಬಿಸಿಲಿನಲ್ಲಿ ಗಡಿಗೆಗಳು. ಬಸಮ್ಮನ ಅರ್ಧ ಮುಖ ಮಾತ್ರ ನಗುತ್ತಿತ್ತು, ಅರ್ಧ ಬಾಯಿ ಮಾತ್ರ ಮಾತಾಡುತ್ತಿತ್ತು. ಆ ಬೇಸಿಗೆ ಹೂವು ಬಿಟ್ಟಾಗ ನೀಲತ್ತಿ ಗಡಿಗೆಯನ್ನು ಹೊತ್ತು ತಂದು ಆಕೆಯ ಹಾಸಿಗೆಯ ಪಕ್ಕ ಇಟ್ಟಳು. ಬಸಮ್ಮ ನೆಟ್ಟಗಿದ್ದ ಒಂದು ಕೈಯಿಂದ ದಂಟನ್ನು ಹಿಡಿದು, "ನಂದು" ಎಂದಳು. "ಹೌದತ್ತಿ, ನಿಂದ" ಎಂದಳು ನೀಲತ್ತಿ. ಬಸಮ್ಮ ತಲೆ ಅಲ್ಲಾಡಿಸಿದಳು. ಅದೇ ಕೈಯಿಂದ ಗಡಿಗೆಯನ್ನು ಮೆಲ್ಲಗೆ ಸೊಸೆಯ ಕಡೆಗೆ ನೂಕಿದಳು. "ನಿಂದು." ನೀಲತ್ತಿ ಸೆರಗಿನಿಂದ ಆಕೆಯ ಬಾಯಿ ಒರೆಸಿದಳು.

ಅದೇ ವಾರ ಮುತ್ಯಾ ಬಂದ. ತಾಲೂಕು ಆಫೀಸಿನ ಕೆಲಸಕ್ಕೆಂದು ಲಿಂಗಸುಗೂರಿಗೆ ಬಂದವನು ಕೋಣೆಯ ಹೊರಗೆ, ಬೇವಿನ ನೆರಳಿನಲ್ಲಿ, ಕೊಡೆ ಊರಿಕೊಂಡು ನಿಂತ. ನೀಲತ್ತಿ ಮಷೀನು ತುಳಿಯುತ್ತಲೇ ಇದ್ದಳು. ಮುತ್ಯಾ ಹೂವುಗಳನ್ನು ನೋಡಿದ, ಬಾಗಿಲ ಒಳಗಿನ ಹಾಸಿಗೆಯನ್ನು ನೋಡಿದ, ಬಸಮ್ಮನಿಗೆ ಕೈ ಮುಗಿದ. ಆಮೇಲೆ ನೆಲ ನೋಡುತ್ತಾ, "ಪೂಜಿಗೆ ಒಂದು ಹೂ ಬೇಕಾಗಿತ್ತು" ಎಂದ. ಮಷೀನು ನಿಂತಿತು. "ಕೇಳಿದ್ರ ಕೊಡ್ತೀನಿ ಯಪ್ಪಾ. ಕೇಳಬೇಕು ಅಷ್ಟ" ಎಂದಳು ನೀಲತ್ತಿ. ಬಟ್ಟೆ ಕತ್ತರಿಯಿಂದ ಎಲೆಗೆ ತಾಗದಂತೆ ಒಂದು ದಂಟು ಕತ್ತರಿಸಿ ಕೊಟ್ಟಳು. ಆತ ಅದನ್ನು ಹೆಗಲ ಮೇಲಿನ ವಸ್ತ್ರದಲ್ಲಿ ಕೂಸಿನಂತೆ ಸುತ್ತಿಕೊಂಡು ಬಸ್ಸು ಹತ್ತಿದ. ತಪ್ಪಾಯಿತು ಎಂದು ಆತ ಹೇಳಲಿಲ್ಲ, ಆಕೆ ಹೇಳಿಸಲೂ ಇಲ್ಲ. ಆಮೇಲೆ ಅಂಗಡಿಗೆ ಕುಬುಸದ ಕಣ ಕೊಳ್ಳಲು ಬಂದ ಹೆಂಗಸರಿಗೆ, "ಲಿಂಗಸುಗೂರಾಗ ನನ್ನ ಮಗಳದಾಳ, ಆಕಿ ಕಡೆ ಹೊಲಿಸ್ರಿ" ಎನ್ನುತ್ತಿದ್ದನಂತೆ.

ಬಸಮ್ಮ ಎರಡು ಬೇಸಿಗೆ ಹೂವು ನೋಡಿ ಹೋದಳು. ಮುತ್ಯಾ ಹೋದ, ಆಯಿ ಹೋದಳು. ಅಪ್ಪ ಮತ್ತು ಆತನ ತಮ್ಮ, ನಮ್ಮ ಕಾಕಾ, ಪಾಲಾದರು. ಮನೆ ಕೆಡವಿದರು. ಪಡಸಾಲೆ ಇದ್ದಲ್ಲಿ ಈಗ ಮೊಬೈಲ್ ಅಂಗಡಿಯ ಶಟರ್, ಹಿತ್ತಲು ಇದ್ದಲ್ಲಿ ಬೇಕರಿಯ ಭಟ್ಟಿ. ಗುಡ್ಡದ ಬಂಡೆಗಳು ಸಂಜೆ ಈಗಲೂ ಬಿಸಿ ಊದುತ್ತವೆ, ಅದನ್ನು ಮೈಮೇಲೆ ತೆಗೆದುಕೊಳ್ಳಲು ಕಟ್ಟೆಯಿಲ್ಲ. ನೀಲತ್ತಿ ಮಾತ್ರ ಲಿಂಗಸುಗೂರು ಬಿಡಲಿಲ್ಲ. ಕೋಣೆ ಹೋಗಿ ಸಣ್ಣದೊಂದು ಸ್ವಂತ ಮನೆಯಾಯಿತು. ಗುರುಗುಂಟಾದಿಂದ, ಸುತ್ತಲಿನ ಹಳ್ಳಿಗಳಿಂದ ಹುಡುಗಿಯರು ಹೊಲಿಗೆ ಕಲಿಯಲು ಬಂದರು. ನನ್ನ ಮದುವೆಯಲ್ಲಿ ಆಕೆ ನನಗೆ ಸೀರೆಯ ಜೊತೆ ಮರಿಗಡ್ಡೆ ಕೊಟ್ಟು, "ಹೂ ಬಿಡದಿದ್ರ ಮಂದಿ ಮಾತು ಕೇಳಿ ಕಿತ್ತು ಒಗೀಬ್ಯಾಡ" ಎಂದಿದ್ದಳು. ನನಗೆ ಅಷ್ಟು ಸಾಕಾಯಿತು, ಹೂವಿನ ವಿಷಯಕ್ಕೂ ಉಳಿದ ಎಲ್ಲದಕ್ಕೂ.

ಹೋದ ಪುಷ್ಯ ಮಾಸದಲ್ಲಿ ಒಂದು ಬೆಳಿಗ್ಗೆ ಆಕೆ ಏಳಲಿಲ್ಲ. ಕಲಿತ ಹುಡುಗಿಯರೆಲ್ಲ ಬಂದರು, ಕೆಲವರು ತಮ್ಮ ಮೊಮ್ಮಕ್ಕಳನ್ನು ಎತ್ತಿಕೊಂಡು. ಮಣ್ಣು ಮಾಡುವ ಹೊತ್ತಿಗೆ ಗೊರೇಬಾಳದ ಕಾರೊಂದು ಬಂದು ನಿಂತಿತು. ಆಕೆಯ ಗಂಡ, ಈಗ ಬಡಿಗೆ ಹಿಡಿದ ಮುದುಕ, ಮಗನ ತೋಳು ಹಿಡಿದು ಇಳಿದ. "ಗಂಡ ಬಂದಾನ, ದಾರಿ ಬಿಡ್ರಿ. ಮೊದಲ ಮಣ್ಣು ಅವನ ಹಾಕಬೇಕು" ಎಂದರು ಯಾರೋ. ಜನ ಸರಿದರು. ನಾನು ಸರಿಯಲಿಲ್ಲ. ಅಡ್ಡ ನಿಂತೇ ಹೇಳಿದೆ. "ನೆಂಟರಂಗ ಬಂದೀರಿ, ನೆಂಟರಂಗ ನಿಂದರ್ರಿ. ಮೊದಲ ಮಣ್ಣು ನಾ ಹಾಕ್ತೀನಿ." ಆತ ನನ್ನನ್ನು ನೋಡಿದ. ಬಡಿಗೆ ಊರಿ ನಿಂತ. ನಾನು ಹಾಕಿದೆ, ನನ್ನ ಹಿಂದೆ ಹುಡುಗಿಯರು ಒಬ್ಬೊಬ್ಬರಾಗಿ ಹಾಕಿದರು. ಕೊನೆಯಲ್ಲಿ ಆತನೂ ಬಗ್ಗಿ ಒಂದು ಹಿಡಿ ಹಾಕಿದ. ಬೇಡವೆಂದು ನಾನು ಹೇಳಲಿಲ್ಲ.

ಎಲ್ಲ ಮುಗಿದ ಮೇಲೆ ಆಕೆಯ ಮಂಚದ ಕೆಳಗಿನ ಗಡ್ಡೆಗಳನ್ನು ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ನಾನು ಸಿಂಧನೂರಿನ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ನಾನು ಇಳಿಯಲಿಲ್ಲ, ಇಳಿದು ಹೋಗುವುದಾದರೂ ಯಾರ ಮನೆಗೆ. ಕಿಟಕಿಯ ಆಚೆ ಗುಡ್ಡದ ಮೇಲೆ ಇಳಿಬಿಸಿಲು ಇತ್ತು. ಸಂತೆಯ ಸಾಮಾನು ಹಿಡಿದ ಹೆಣ್ಣುಮಗಳೊಬ್ಬಳು ಹತ್ತಿ ನನ್ನ ಪಕ್ಕ ಕುಳಿತಳು. ನನ್ನ ಚೀಲದ ಬಾಯಿಯೊಳಗೆ ಇಣುಕಿದಳು.

"ಉಳ್ಳಾಗಡ್ಡಿ ಏನ್ರೀ ಅಕ್ಕಾರ?"

"ಅಲ್ಲವ್ವ, ಹೂವಿನ ಗಡ್ಡಿ. ನಮ್ಮ ಅತ್ತೀವು."

"ಭಾಳ ವಜ್ಜಿ ಕಾಣತಾವ. ತೊಡಿ ಮ್ಯಾಲೆ ಯಾಕ ಇಟಗೊಂಡೀರಿ, ಕಾಲಾಗ ಇಡ್ರಲ್ಲ."

"ಇರಲಿ ಬಿಡವ್ವ" ಎಂದೆ. "ಇವು ಕಾಲಾಗ ಇಡುವಂಥಾವಲ್ಲ."